ಗಂಟಿಗುಡ್ಡದ ಕಲ್ಲು ಕೇಳಿಸಿಕೊಂಡದ್ದು

ಫೋಟೋದಲ್ಲಿ ಕುಮ್ಮಿಯ ಬಾಯಿ ತೆರೆದಿದೆ. ಕರಿಬಂಡೆಯೊಂದಕ್ಕೆ ಬೆನ್ನು ಆನಿಸಿ ನಿಂತಿದ್ದಾಳೆ. ಬಿಸಿಲಿಗೆ ಕಣ್ಣು ಕಿರಿದಾಗಿವೆ. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಬಿದ್ದು ಹೊಸದು ಇನ್ನೂ ಬಂದಿಲ್ಲ. ಒಂದು ಕೈ ನಮ್ಮ ಕಡೆಗೆ ಚಾಚಿದೆ. ಅವಳು ಏನೋ ಹೇಳುತ್ತಿದ್ದಾಳೆ. ಏನು ಎಂಬುದು ನಮ್ಮಿಬ್ಬರಿಗೂ ನೆನಪಿಲ್ಲ.

"ಅಪ್ಪಾ, ಇಲ್ಲಿ ನೋಡು ಅನ್ನಾಕ ಹತ್ಯಾಳ," ಎನ್ನುತ್ತಾರೆ ಅವಳ ಅಪ್ಪ. ಫೋಟೋ ತೆಗೆದವರು ಅವರೇ.

"ನಿಮ್ಮನ್ನ ಕರಿಯಾಕ ಅಷ್ಟಗಲ ಬಾಯಿ ಯಾಕ ಬೇಕ್ರಿ, ಎದುರಿಗೇ ಇದ್ರಿ. ದೂರ ಇದ್ದಾಕಿ ನಾನು. ನನ್ನನ್ನಽ ಕರದಾಳ," ಎನ್ನುತ್ತೇನೆ ನಾನು.

ಈ ಜಗಳ ಮೊದಲು ಸಮಾಧಾನಕ್ಕೆಂದು ಆಡುತ್ತಿದ್ದುದು. ಬರಬರುತ್ತಾ ನಿಜದ್ದೇ ಆಯಿತು. ಒಮ್ಮೆ ನಾವಿಬ್ಬರೂ ದನಿ ಏರಿಸಿದಾಗ ಅತ್ತೆ ಪಡಸಾಲೆಯಿಂದ ಕೂಗಿ ಹೇಳಿದರು: "ಇಬ್ರೂ ಸಾಕು ಮಾಡ್ರಿ. ಕೂಸಿನ ಬಾಯಾಗಿನ ಮಾತಿಗೂ ಪಾಲು ಕೇಳ್ತೀರೇನು?"

ಕುಮುದಾ ಎಂದು ಹೆಸರಿಟ್ಟಿದ್ದವರು ಅತ್ತೆ. ಕುಮ್ಮಿ ಎಂದು ಮೊಟಕು ಮಾಡಿದವರೂ ಅವರೇ. ಆ ಫೋಟೋ ತೆಗೆದ ವರ್ಷದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು, ಇಳಿಯಲಿಲ್ಲ. ಆಸ್ಪತ್ರೆಯ ಹೊರಗಿನ ಪಡಸಾಲೆಯಲ್ಲಿ ಚಾರ್ಜಿಗೆ ಹಚ್ಚಿದ್ದ ನಮ್ಮ ಫೋನನ್ನು ಯಾರೋ ಒಯ್ದರು. ಅವಳು ಹಾಡಿದ್ದು, ಅತ್ತೆಯನ್ನು ಅಣಕಿಸಿದ್ದು, ಮಗ್ಗಿ ತಪ್ಪಿ ನಕ್ಕದ್ದು ಎಲ್ಲ ಅದರಲ್ಲಿತ್ತು. ಫೋನು ಹೋದದ್ದು ಆಗ ನಮಗೆ ನಷ್ಟವೆಂದು ಅನ್ನಿಸಲೂ ಇಲ್ಲ. ಅದಕ್ಕಿಂತ ದೊಡ್ಡದು ಹೋಗಿತ್ತು.

ಮುಖ ಉಳಿಯುತ್ತದೆ. ಕ್ಯಾಮೆರಾದಲ್ಲಿ ತೆಗೆದ ಫೋಟೋಗಳು ಬೇಕಾದಷ್ಟಿವೆ. ದನಿ ಮಾತ್ರ ನೆನಪಿನಲ್ಲಿ ಉಳಿಯುವುದಿಲ್ಲ. ಅಕ್ಕಿ ತೊಳೆಯುವಾಗ, ಬಟ್ಟೆ ಹಿಂಡುವಾಗ, ನಾನು ಅವಳ 'ಅವ್ವಾ'ವನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ದಿನವೂ ಮುಟ್ಟಿ ನೋಡುವ ಒಡವೆಯ ಹಾಗೆ. ಒಂದು ದಿನ ರೊಟ್ಟಿ ಬಡಿಯುತ್ತಾ ಹಾಗೇ ಕೇಳಿಸಿಕೊಂಡೆ, ಅದು ನನ್ನದೇ ದನಿಯಲ್ಲಿ ಬಂತು. ಮತ್ತೆ ಪ್ರಯತ್ನಿಸಿದೆ. ಮತ್ತೂ ನನ್ನದೇ. ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅವಳು ಎರಡನೆಯ ಸಲ ಹೋದಳು ಅನ್ನಿಸಿತು.

ಕಲ್ಲಿನ ಸುದ್ದಿ ಬಂದದ್ದು ಆ ದಿನಗಳಲ್ಲೇ.

ಬಳ್ಳಾರಿಯ ಹೊರವಲಯದಲ್ಲಿ ಶಿಲಾಶ್ರವಣ ಕೇಂದ್ರ ಎಂಬ ಪ್ರಯೋಗಾಲಯ ತೆರೆದಿತ್ತು. ನಮ್ಮ ಕಡೆಯ ಜನ ಅದನ್ನು ಕಲ್ಲಿನ ದವಾಖಾನಿ ಎಂದೇ ಕರೆದರು. ಗ್ರಾನೈಟ್ ಕಲ್ಲಿನಲ್ಲಿರುವ ಬಿಳಿ ಹರಳುಗಳು ತಮ್ಮ ಸಮೀಪ ಹುಟ್ಟಿದ ಸದ್ದನ್ನು ಹಿಡಿದಿಟ್ಟುಕೊಳ್ಳುತ್ತವೆ, ಅದನ್ನು ಮತ್ತೆ ಹೊರತೆಗೆಯಬಹುದು ಎಂದು ಅಲ್ಲಿಯವರು ತೋರಿಸಿದ್ದರು. ಟಿವಿಯಲ್ಲಿ ಒಬ್ಬ ಮುದುಕ ತನ್ನ ತೀರಿಹೋದ ಅಣ್ಣ ಬಾವಿಕಟ್ಟೆಯ ಮೇಲೆ ಕೂತು ಕೆಮ್ಮಿದ್ದನ್ನು ಕೇಳಿ ಅತ್ತದ್ದನ್ನು ನಾವೆಲ್ಲ ನೋಡಿದೆವು. ಬರೀ ಕೆಮ್ಮು. ಆದರೂ ಅವನು, "ಅವನ, ಅವನಽ," ಎಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ಆಮೇಲೆ ಊರೂರೇ ಬಳ್ಳಾರಿಗೆ ಹೊರಟಿತು. ಟೆಂಪೋದಲ್ಲಿ ಹೊಸ್ತಿಲ ಕಲ್ಲು ಹೇರಿಕೊಂಡು ಹೋದವರಿದ್ದರು. ನಮ್ಮ ಓಣಿಯ ಈರಮ್ಮನವರ ಗಂಡ ಮನೆಯ ಬೀಸುಕಲ್ಲನ್ನೇ ಒಯ್ದಿದ್ದರು. ಬದುಕಿದ್ದಾಗ ಅದರ ಮುಂದೆ ಕೂತು ಹಾಡುತ್ತಿದ್ದ ಹೆಂಡತಿಯ ಒಂದು ಹಾಡು ಸಾಕು ಎಂದು. ಹಾಡು ಇತ್ತು. ಆದರೆ ಬದುಕಿನುದ್ದದ ಬೆಳಗುಗಳ ಹಾಡುಗಳೆಲ್ಲ ಒಂದರ ಮೇಲೊಂದು ಕೂತು, ಬೀಸಿದ ಸದ್ದೂ ಅದರಲ್ಲಿ ಬೆರೆತು, ಸಂತೆಯ ಗದ್ದಲದ ಹಾಗೆ ಕೇಳಿತಂತೆ. ಅವರು ಕಲ್ಲನ್ನು ಮತ್ತೆ ಹೊತ್ತು ತಂದರು. ಇದೊಂದನ್ನು ಬಿಚ್ಚಿ ಕೊಡಿ ಎಂದು ಹೇಳಲು ಅವರಿಗೆ ಹೊತ್ತೂ ದಿನವೂ ಗೊತ್ತಿರಲಿಲ್ಲ.

ಅದೇ ತೊಡಕು. ಕಲ್ಲು ಎಲ್ಲವನ್ನೂ ಕೇಳಿಸಿಕೊಂಡಿದೆ. ಯಾವ ಕಲ್ಲು, ಯಾವ ಗಳಿಗೆ ಎಂದು ಹೇಳಿದರೆ ಮಾತ್ರ ಆ ಒಂದು ಎಳೆಯನ್ನು ಎಳೆಯಬಹುದು. ಜನ ಹಳೆಯ ಆಲ್ಬಮ್ ತೆಗೆದು, "ಇಲ್ಲಿ ಎಲ್ಲಿ ನಿಂತಿದ್ವಿ?" ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಯಾರಿಗೂ ಗೊತ್ತಿಲ್ಲ. ಫೋನಿನ ಫೋಟೋಗಳಲ್ಲಿ ಜಾಗದ ಗುರುತಿತ್ತು, ಆದರೆ ಅದು ಒಂದು ಓಣಿಯಷ್ಟು ಅಗಲ. ಅಂಥವನ್ನೆಲ್ಲ ದವಾಖಾನೆಯಲ್ಲಿ ಕುರುಡು ಫೋಟೋ ಎಂದು ಪಕ್ಕಕ್ಕಿಡುತ್ತಿದ್ದರು.

ನಮ್ಮ ಫೋಟೋ ಕುರುಡಾಗಿರಲಿಲ್ಲ.

ಕುಮ್ಮಿಯ ಅಪ್ಪ ಗುತ್ತಿಗೆ ಕಂಪನಿಯೊಂದರಲ್ಲಿ ವಿದ್ಯುತ್ ಕಂಬಗಳ ಸಮೀಕ್ಷೆ ಮಾಡುವವರು. ಹೊಲ, ಹಳ್ಳ, ಗುಡ್ಡ ದಾಟಿ ಒಂದೊಂದು ಕಂಬದ ಫೋಟೋ ತೆಗೆಯಬೇಕು, ಅದರ ಜಾಗ ನಕ್ಷೆಯ ಮೇಲೆ ಬರಬೇಕು. ಅದಕ್ಕೆ ಅವರ ಸೊಂಟಕ್ಕೆ ಒಂದು ಜಿಪಿಎಸ್ ಪೆಟ್ಟಿಗೆ ಇರುತ್ತದೆ, ದೊಡ್ಡ ಬೆಂಕಿಪೊಟ್ಟಣದಷ್ಟು. ಕುಮ್ಮಿ ಅದಕ್ಕೆ ದಾರಿಡಬ್ಬಿ ಎಂದು ಹೆಸರಿಟ್ಟಿದ್ದಳು. ದಾರಿಡಬ್ಬಿ ಆಕಾಶದ ಉಪಗ್ರಹಗಳನ್ನು ಕೇಳಿ, 'ಇಷ್ಟು ಹೊತ್ತಿಗೆ ಇಲ್ಲಿದ್ದೆ, ಇಷ್ಟು ಹೊತ್ತಿಗೆ ಅಲ್ಲಿದ್ದೆ' ಎಂದು ಗುರುತಿಟ್ಟುಕೊಳ್ಳುತ್ತದೆ. ಕ್ಯಾಮೆರಾ, 'ಇಷ್ಟು ಹೊತ್ತಿಗೆ ಇದನ್ನು ಕಂಡೆ' ಎನ್ನುತ್ತದೆ. ಡಬ್ಬಿಗೆ ಫೋಟೋ ಗೊತ್ತಿಲ್ಲ, ಕ್ಯಾಮೆರಾಕ್ಕೆ ಜಾಗ ಗೊತ್ತಿಲ್ಲ. ಸಂಜೆ ಕಂಪ್ಯೂಟರು ಎರಡರ ಹೊತ್ತನ್ನೂ ಹೊಂದಿಸಿ ಫೋಟೋವನ್ನು ನಕ್ಷೆಯ ಮೇಲೆ ಒಂದು ಚುಕ್ಕೆಯಾಗಿ ಕೂರಿಸುತ್ತದೆ. ಇಬ್ಬರ ನಡುವೆ ಬೀಗತನ ಬೆಸೆಯುವುದು ಗಡಿಯಾರ.

ಭಾನುವಾರ ನಾವು ಎಲ್ಲಿಗೇ ಹೊರಟರೂ ಅವರ ಸೊಂಟದಲ್ಲಿ ಆ ಡಬ್ಬಿ ಇರುತ್ತಿತ್ತು. "ಹೆಂಡ್ತಿ ಮಕ್ಕಳನ್ನೂ ಕಂಬಾ ಅಂತ ತಿಳಕೊಂಡ್ಯಾನ," ಎಂದು ಅತ್ತೆ ನಗುತ್ತಿದ್ದರು. ಗಂಟಿಗುಡ್ಡಕ್ಕೆ ಹೋದ ಭಾನುವಾರವೂ ಇತ್ತು. ಗುಡ್ಡದ ನೆತ್ತಿಯಲ್ಲಿ, ಸಣ್ಣ ಕಲ್ಲಿನಿಂದ ಬಡಿದರೆ ಕಂಚಿನ ಹಾಗೆ ದನಿ ಕೊಡುವ ಒಂದು ಬಂಡೆಯಿದೆ. ಅದೇ ಗಂಟಿಕಲ್ಲು. ಅಂದು ಕ್ಯಾಮೆರಾ ಹೆಚ್ಚು ಹೊತ್ತು ಕುಮ್ಮಿಯ ಕೈಯಲ್ಲೇ ಇತ್ತು. ಓತಿಕ್ಯಾತ, ಹುಲ್ಲಿನ ಹೂ, ತನ್ನದೇ ಚಪ್ಪಲಿ, ಇಂಥವನ್ನೇ ತೆಗೆದಿದ್ದಾಳೆ. ಅಂದಿನವುಗಳಲ್ಲಿ ಅವಳು ಇರುವುದು ಈ ಒಂದೇ ಫೋಟೋದಲ್ಲಿ.

ದವಾಖಾನೆಯಲ್ಲಿ ನಮ್ಮನ್ನು ಕಂಡವರು ಡಾಕ್ಟರ್ ಮೆಹರುನ್ನಿಸಾ. ರಾಯಚೂರಿನ ಕಡೆಯವರು, ನನಗಿಂತ ಸ್ವಲ್ಪ ದೊಡ್ಡವರು. ಬಿಳಿ ಕೋಟಿನ ತೋಳಿಗೆ ಕಲ್ಲಿನ ಪುಡಿ ಮೆತ್ತಿತ್ತು. ಅವರು ದಾರಿಡಬ್ಬಿಯ ಗುರುತುಗಳನ್ನು ಪರದೆಯ ಮೇಲೆ ತೆರೆದರು. ಆ ಭಾನುವಾರ ನಾವು ನಡೆದ ದಾರಿ ಗುಡ್ಡದ ಮೇಲೆ ಕೆಂಪು ದಾರದ ಹಾಗೆ ಬಿದ್ದಿತ್ತು. ಹತ್ತಿದ್ದು, ಸುತ್ತಿದ್ದು, ಇಳಿದದ್ದು. ನಾನು ಅದನ್ನೇ ನೋಡುತ್ತಾ ನಿಂತೆ. ಅದರಲ್ಲಿ ಅವಳ ಪುಟ್ಟ ಹೆಜ್ಜೆಗಳೂ ಇದ್ದವು, ಅಪ್ಪನ ಬೆರಳು ಹಿಡಿದು.

"ಇಷ್ಟು ಚೊಕ್ಕ ಗುರುತು ನಮಗೆ ಸಿಗೋದು ಅಪರೂಪ," ಎಂದರು ಮೆಹರುನ್ನಿಸಾ. "ನೆಲದ ಮ್ಯಾಲಿನ ಜಿಪಿಎಸ್ ಕೇಂದ್ರಗಳ ಲೆಕ್ಕ ಸೇರಿಸಿದ್ರ ಒಂದು ಮಾರಿನ ಒಳಗ ಜಾಗಾ ಹೇಳಬಹುದು. ಕ್ಯಾಮೆರಾದ ಗಡಿಯಾರ ಸರಿ ಇತ್ತೇನ್ರೀ?"

ಕುಮ್ಮಿಯ ಅಪ್ಪ ಸ್ವಲ್ಪ ನೊಂದವರಂತೆ ಹೇಳಿದರು: "ಮೇಡಂ, ಪ್ರತಿ ಸೋಮವಾರ ಡಬ್ಬಿಗೆ ಕ್ಯಾಮೆರಾ ಹೊಂದಿಸೇ ಕೆಲಸಕ್ಕ ಇಳಿಯಾಂವ ನಾನು. ಸಾವಿರಗಟ್ಟಲೆ ಕಂಬಾ ತೆಗದೀನಿ. ಒಂದರ ಜಾಗಾ ತಪ್ಪಿಲ್ಲ."

"ಸರಿ," ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿದರು. "ಅವ್ವಾರ, ಒಂದು ಮಾತು ಮೊದಲೇ ಹೇಳ್ತೀನಿ. ಹರಳನ್ನ ಕಾಯಿಸಿದಾಗ ಅದು ಹಿಡಿದಿಟ್ಟ ಸದ್ದು ಬೆಳಕಾಗಿ ಹೊರಗ ಬರ್ತದ. ನಾವು ಓದೋದು ಆ ಬೆಳಕನ್ನ. ಒಮ್ಮೆ ಕಾಯಿಸಿದ ಹರಳು ಬರಿದಾಗ್ತದ. ಕೇಳೋದು ಒಂದೇ ಸಲ. ಅದೂ ಒಂದು ಉಸಿರು ಬಿಗಿ ಹಿಡಿಯುವಷ್ಟು ಹೊತ್ತು."

"ರೆಕಾರ್ಡ್ ಮಾಡಿ ಕೊಡ್ತೀರಲ್ರಿ?"

"ಕೊಡ್ತೀವಿ. ಆದ್ರ ಏನು ಬರ್ತದೋ ಅದನ್ನ."

ನಾನು ತಲೆಯಾಡಿಸಿದೆ. ನನಗೆ ಬೇಕಾಗಿದ್ದದ್ದು ಒಂದೇ ಮಾತು. ಅದು 'ಅವ್ವಾ' ಅಲ್ಲದಿದ್ದರೂ ಆದೀತು. ಅವಳ ದನಿಯಲ್ಲಿದ್ದರೆ ಸಾಕು.

ಸರದಿ ಬರುವ ತನಕ ಮನೆಯಲ್ಲಿ ಎಲ್ಲವೂ ಎಂದಿನಂತೆ ನಡೆಯಿತು. ಹಬ್ಬ ಬಂತು, ಹೋಯಿತು. ನಮ್ಮ ಪಡಸಾಲೆಯ ಗೋಡೆ ಗಡಿಯಾರ ಎಂದಿನಂತೆ ಹತ್ತು ನಿಮಿಷ ಮುಂದೆ ಓಡಿತು. ಅದು ಅತ್ತೆಯ ನೇಮ. ಅವರು ಸೊಸೆಯಾಗಿ ಬಂದಾಗಿನಿಂದ ಈ ಮನೆಯ ಗಡಿಯಾರ ಹೀಗೇ. ಮಗ ಅದನ್ನು ನೋಡಿ, "ಇದು ನಮ್ಮವ್ವನ ಟೈಮು, ಇನ್ನ ಸರ್ಕಾರಿ ಟೈಮ್ ಎಷ್ಟೋ," ಎಂದರೆ ಅತ್ತೆ ಬಿಡುತ್ತಿರಲಿಲ್ಲ: "ಸರ್ಕಾರಿ ಟೈಮಿಗೆ ಹ್ವಾದವರು ಬಸ್ಸಿನ ಹೊಗಿ ನೋಡಿಕೋತ ನಿಂದರತಾರ." ಕುಮ್ಮಿ ಗಂಟೆ ನೋಡಲು ಕಲಿತದ್ದು ಅದರ ಮುಂದೆ, ಅತ್ತೆಯ ತೊಡೆಯ ಮೇಲೆ ಕೂತು. ದೊಡ್ಡ ಮುಳ್ಳು ಅಜ್ಜಿ, ಸಣ್ಣ ಮುಳ್ಳು ಮೊಮ್ಮಗಳು. ಅಜ್ಜಿ ಓಡತಾಳ, ಮೊಮ್ಮಗಳು ಕೂತಿರತಾಳ ಎಂದು ಅತ್ತೆ ಹೇಳಿಕೊಟ್ಟಿದ್ದರು.

"ಏನೂ ಕೇಳಲಿಲ್ಲಂದ್ರ?" ಎಂದು ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತಾ ಅತ್ತೆ ಕೇಳಿದರು.

"ಕೇಳ್ತದ ಅತ್ತಿ."

"ಕೇಳಿದ ಮ್ಯಾಲ ಏನು ಮಾಡ್ತೀಯವ್ವಾ?"

ಅತ್ತೆ ಸುಲಿದ ಶೇಂಗಾದಲ್ಲಿ ಎಳೆಯದೊಂದನ್ನು ಆರಿಸಿ, ರೂಢಿಯಂತೆ ಬದಿಗಿಟ್ಟರು. ಎಳೆಕಾಯಿ ಕುಮ್ಮಿಗೆ ಇಷ್ಟ. ಇಟ್ಟ ಮೇಲೆ ನೆನಪಾಗಿ ಅದನ್ನು ಮತ್ತೆ ರಾಶಿಗೆ ಸೇರಿಸಿದರು.

ಕಲ್ಲು ತೆಗೆಯಲು ನಾವೆಲ್ಲ ಗುಡ್ಡ ಹತ್ತಿದಾಗ ಮಳೆ ಮುಗಿದಿತ್ತು. ಗುಡ್ಡದ ತುಂಬ ಹುಲ್ಲು ಬೆಳೆದು, ಎಲ್ಲ ಬಂಡೆಗಳೂ ಒಂದೇ ಹಾಗೆ ಕಾಣುತ್ತಿದ್ದವು. ಮೆಹರುನ್ನಿಸಾ ಕೈಯಲ್ಲೊಂದು ಯಂತ್ರ ಹಿಡಿದು, ಅದರ ಪರದೆಯನ್ನೇ ನೋಡುತ್ತಾ ನಡೆದರು. ಅದು ನಮ್ಮನ್ನು ನೆತ್ತಿಯಿಂದ ಆಚೆ ಸ್ವಲ್ಪ ಕೆಳಗೆ, ಎರಡು ಬಂಡೆಗಳ ನಡುವಿನ ನೆರಳಿಗೆ ಕರೆದೊಯ್ದಿತು.

"ಇದಽ," ಎಂದರು.

ನಾನು ಫೋಟೋ ಹಿಡಿದು ನೋಡಿದೆ. ಕರಿಬಂಡೆ ಹೌದು. ಫೋಟೋದಲ್ಲಿ ಅವಳ ಹಿಂದೆ ಇರುವುದೂ ಬರೀ ಕರಿಬಂಡೆಯೇ. "ಫೋಟೋದಾಗ ಬಿಸಲೈತಲ್ರಿ," ಎಂದೆ.

"ಆಗ ಬೇಸಿಗಿ. ಸೂರ್ಯ ಬ್ಯಾರೆ ಕಡೆ ಇರತಾನ," ಎಂದರು ಕುಮ್ಮಿಯ ಅಪ್ಪ. "ನಮ್ಮ ಕಣ್ಣು ಮರೀತಾವ. ಡಬ್ಬಿ ಮರಿಯೂದಿಲ್ಲ."

ಹೌದೆನ್ನಿಸಿತು. ಸಣ್ಣ ಗರಗಸದಿಂದ ಬಂಡೆಯ ಮೈಯಿಂದ ಅಂಗೈಯಷ್ಟು ತುಣುಕನ್ನು ಬಿಡಿಸಿದರು. ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು. ತುಣುಕನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಕೂಸನ್ನು ಹೊತ್ತವರ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಇಳಿದರು ಮೆಹರುನ್ನಿಸಾ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗ.

ಓದುವ ಕೋಣೆ ತಂಪಾಗಿತ್ತು, ಕತ್ತಲಾಗಿತ್ತು. ನಮ್ಮಿಬ್ಬರನ್ನು ಕುರ್ಚಿಯಲ್ಲಿ ಕೂರಿಸಿದರು. ಗಾಜಿನಾಚೆ ಒಂದು ಸಣ್ಣ ಲೋಹದ ತಟ್ಟೆ, ಅದರ ಮೇಲೆ ಉಪ್ಪಿನಷ್ಟು ಬಿಳಿ ಪುಡಿ. ಅಷ್ಟೇ. ಅಂಗೈಯಷ್ಟು ಕಲ್ಲಿನಿಂದ ಆರಿಸಿ ತೆಗೆದ ಹರಳು ಅದು. ಫೋಟೋದ ಮೇಲಿದ್ದ ಹೊತ್ತನ್ನು ಯಂತ್ರಕ್ಕೆ ಕೊಟ್ಟಾಗಿತ್ತು.

"ತಯಾರ ಇದ್ದೀರೇನ್ರಿ?"

ಕುಮ್ಮಿಯ ಅಪ್ಪ ನನ್ನ ಕೈ ಹಿಡಿದರು.

ತಟ್ಟೆ ಕಾಯಿತು. ಪುಡಿಯಲ್ಲಿ ನೀಲಿ ಬೆಳಕು ಮೂಡಿತು, ಮಿಂಚುಹುಳುವಿಗಿಂತ ಕಡಿಮೆ. ಮೊದಲು ಗಾಳಿ ಕೇಳಿತು. ಆಮೇಲೆ ಸ್ಟೀಲ್ ಡಬ್ಬಿಯ ಮುಚ್ಚಳ ಕಲ್ಲಿಗೆ ತಾಗಿದ ಸದ್ದು. ಆಮೇಲೆ ಒಂದು ಹೆಣ್ಣುದನಿ, ಗಡಿಬಿಡಿಯದು, ತೀರಾ ಸಮೀಪದಿಂದ: "ಬಾಯಿ ತೆಗಿ. ದೊಡ್ಡದು ತೆಗಿ."

ಅದು ನಾನು.

ಜಗಿಯುವ ಸದ್ದು. ಮೂಗಿನಿಂದ ಬಿಟ್ಟ ಉಸಿರು. ಆಮೇಲೆ ತುಂಬಿದ ಬಾಯಿಂದ, ತುತ್ತಿನ ಅಡಿಯಿಂದ, ಅವಳು: "ಅವ್ವಾ, ನಾ ಆ ಕಲ್ಲಿಗೆ..."

"ಮೊದ್ಲು ನುಂಗು. ಬಾಯಾಗ ಅನ್ನ ಇಟ್ಕೊಂಡು ಮಾತಾಡಬ್ಯಾಡ. ಆಮ್ಯಾಲ ಹೇಳುವಂತಿ."

"ಊಂ."

ಬೆಳಕು ಆರಿತು.

ಮೆಹರುನ್ನಿಸಾ ದೀಪ ಹಾಕಿದರು. ಅವರ ಕಣ್ಣು ಒದ್ದೆಯಾಗಿದ್ದವು. ಅವರಿಗೆ ಅದು ದೊಡ್ಡ ಗೆಲುವು. ಇಷ್ಟು ಸ್ಪಷ್ಟವಾಗಿ ಮೂರು ಸಲವೂ ಕೇಳಿಲ್ಲ ಎಂದರು. ನಾನು ತಟ್ಟೆಯ ಮೇಲಿನ ಪುಡಿಯನ್ನೇ ನೋಡುತ್ತಿದ್ದೆ. ಅದು ಈಗಲೂ ಉಪ್ಪಿನ ಹಾಗೇ ಬೆಳ್ಳಗಿತ್ತು.

ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಕಾಯುತ್ತಾ ಕೂತಿದ್ದರು. "ಏನಂದ್ಲು?"

"ಏನೂ ಅನಲಿಲ್ಲ ಅತ್ತಿ. ನಾ ಅನ್ನಗೊಡಲಿಲ್ಲ."

ದನಿ ಸಿಕ್ಕಿತ್ತು, ಸುಳ್ಳಲ್ಲ. ಆ 'ಅವ್ವಾ' ಅವಳದೇ, ತುತ್ತಿನಿಂದ ದಪ್ಪಗಾಗಿದ್ದರೂ. ಅವರು ಕೊಟ್ಟ ರೆಕಾರ್ಡಿನಲ್ಲಿ ನಾನು ಅದನ್ನು ಎಷ್ಟು ಸಲ ಕೇಳಿದೆನೋ. ಪ್ರತಿ ಸಲವೂ ಅದರ ಬೆನ್ನಿಗೇ ನನ್ನ ದನಿ ಬರುತ್ತಿತ್ತು. ಮೊದ್ಲು ನುಂಗು. ಅವಳು ಏನು ಹೇಳಲು ಬಂದಿದ್ದಳು? ಆ ಕಲ್ಲಿಗೆ ಏನು ಮಾಡಿದಳು? ಆಮೇಲೆ ಹೇಳಿದಳೇ? ಮಕ್ಕಳ ಮಾತು ಆಮೇಲೆ ಎಂದರೆ ಆಮೇಲೆ ಇರುವುದಿಲ್ಲ, ಇನ್ನೊಂದು ಬಂದಿರುತ್ತದೆ. ಪಾತ್ರೆ ತೊಳೆಯುವಾಗ ನಲ್ಲಿ ಬಿಟ್ಟು ಆ ನೀರಿನ ಸದ್ದಿನಲ್ಲಿ ಅಳುತ್ತಿದ್ದೆ. ರೊಟ್ಟಿ ಬಡಿಯುವುದನ್ನು ಬಿಟ್ಟೆ. ಯಾರಾದರೂ ತಾಯಿ ಮಗುವಿಗೆ ಉಣಿಸುವುದನ್ನು ಕಂಡರೆ ಎದ್ದು ಹೋಗುತ್ತಿದ್ದೆ.

ಕುಮ್ಮಿಯ ಅಪ್ಪನಿಗೆ ಬೇರೆಯೇ ಒಂದು ಮುಳ್ಳು ಚುಚ್ಚುತ್ತಿತ್ತು. ಅವರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇಲ್ಲಿ ಬಾ. ನೋಡು. ಇದರಾಗ ಬಾಯಾಗ ತುತ್ತಿಲ್ಲ."

ಇರಲಿಲ್ಲ. ತೆರೆದ ಬಾಯಿಯ ಒಳಗೆ ಬರಿಯ ನಾಲಿಗೆ, ಬಿದ್ದ ಹಲ್ಲಿನ ಸಂದು.

"ನೀನೂ ಬಾಜೂಕ ಇಲ್ಲ. ಉಣ್ಣಾಕ ನಾವು ಕೂತದ್ದು ಫೋಟೋ ಆದ ಮ್ಯಾಲ, ಕೆಳಗಿಳಿದು, ನೆರಳಿಗೆ." ನಮ್ಮಿಬ್ಬರಿಗೂ ಆಗ ತಿಳಿಯಿತು, ಕಲ್ಲು ತೆಗೆದ ಆ ನೆರಳು ಯಾವುದೆಂದು. "ನಮ್ಮ ಡಬ್ಬಿ ತಪ್ಪಿಲ್ಲ. ದವಾಖಾನ್ಯಾಗಽ ಏನೋ ಗೊಂದಲ ಮಾಡ್ಯಾರ," ಎಂದು ಅವರು ಸಿಟ್ಟಿನಿಂದ ಎದ್ದರು.

ಆಗ ಪಕ್ಕದ ಮನೆಯ ಟಿವಿಯಲ್ಲಿ ಸಂಜೆಯ ವಾರ್ತೆಯ ಸಂಗೀತ ಶುರುವಾಯಿತು. ಅತ್ತೆ ದೇವರಿಗೆ ದೀಪ ಹಚ್ಚಿ ಆಗಲೇ ಹೊರಗೆ ಬಂದಿದ್ದರು. ಯಾವತ್ತೂ ಹಾಗೇ, ವಾರ್ತೆ ಶುರುವಾಗುವ ಮೊದಲೇ ನಮ್ಮ ಮನೆಯಲ್ಲಿ ದೀಪ. ನಾನು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದೆ. ನೋಡಿದ್ದೇ, ಅದರ ಕೆಳಗೆ ಕುರ್ಚಿಯ ಮೇಲೆ ಹತ್ತಿ ನಿಂತ ಕುಮ್ಮಿ ಕಣ್ಣಿಗೆ ಕಟ್ಟಿದಳು. ಕೈಯಲ್ಲಿ ಕ್ಯಾಮೆರಾ, ತುಟಿಯ ಅಂಚಿನಲ್ಲಿ ಹೊರಬಂದ ನಾಲಿಗೆ.

"ಅವತ್ತು ಕ್ಯಾಮೆರಾದ ಬ್ಯಾಟರಿ ತೆಗದಿದ್ರೇನು?" ಎಂದೆ.

ಅವರು ನಿಂತಲ್ಲೇ ನಿಂತರು. "ತೆಗದಿದ್ದೆ. ಚಾರ್ಜ್ ಮಾಡಾಕ."

"ಹಾಕಿದ ಮ್ಯಾಲ ಅದು ಟೈಮ್ ಕೇಳ್ತದಲ್ಲ?"

ಅವರಿಗೆ ನೆನಪಾಯಿತು. ಮುಖದ ಮೇಲೆ ಅದು ಬಂದದ್ದನ್ನು ನಾನು ಕಂಡೆ. "'ಅಪ್ಪಾ, ನೀ ಬುತ್ತಿಚೀಲ ತಗೋ, ಟೈಮ್ ನಾನಽ ಇಟ್ಟೀನಿ,' ಅಂದ್ಲು," ಎಂದರು. "ಮರುದಿನ ಸೋಮವಾರ ನಾ ಎಂದಿನಂಗ ಡಬ್ಬಿಗೆ ಹೊಂದಿಸಿಬಿಟ್ಟೆ. ಎಷ್ಟು ತಪ್ಪಿತ್ತಂತ ನೋಡಲೇ ಇಲ್ಲ."

ಕೂಸು ಟೈಮ್ ಸರಿಯಾಗಿಯೇ ಇಟ್ಟಿತ್ತು. ತನಗೆ ಗೊತ್ತಿದ್ದ ಒಂದೇ ಗಡಿಯಾರವನ್ನು ನೋಡಿ, ಅಜ್ಜಿ ಕಲಿಸಿದಂತೆ, ಒಂದು ನಿಮಿಷವೂ ತಪ್ಪದ ಹಾಗೆ. ಕ್ಯಾಮೆರಾ ಹತ್ತು ನಿಮಿಷ ಮುಂದಿತ್ತು. ಕಂಪ್ಯೂಟರು ಆ ಹೊತ್ತಿಗೆ ಡಬ್ಬಿ ಎಲ್ಲಿತ್ತು ಎಂದು ನೋಡಿ, ಫೋಟೋವನ್ನು ಅಲ್ಲಿ ಕೂರಿಸಿತು. ಆದರೆ ಆ ಹೊತ್ತಿಗೆ ನಾವು ಫೋಟೋದ ಜಾಗ ಬಿಟ್ಟು, ಇಳಿದು, ಬುತ್ತಿ ಬಿಚ್ಚಿದ್ದೆವು. ಕಲ್ಲು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾವು ಕೇಳಿದ್ದೇ ಹತ್ತು ನಿಮಿಷ ಆಚೆಯದನ್ನು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಅವರು ಕುರ್ಚಿ ಎಳೆದು, ನೋವಿನ ಮೊಣಕಾಲನ್ನು ಎತ್ತಿ ಇಡಲು ನೋಡಿದರು. ನಾನು ಓಡಿ ಹಿಡಿದುಕೊಂಡೆ.

"ಬಿಡು ನನ್ನ. ಕಿತ್ತು ಒಗೀತೀನಿ ಅದನ್ನ. ನನ್ನ ಗಡಿಯಾರ ಕೂಸಿನ ಮಾತು ತಿಂತು."

"ಹಂಗನಬ್ಯಾಡ್ರಿ ಅತ್ತಿ."

"ಒಂದು ಬಸ್ಸು ತಪ್ಪಿದ್ರ ಇನ್ನೊಂದು ಬರತಿತ್ತಲ್ಲವಾ. ಏನು ಮಾಡೋದಿತ್ತು ನನಗ ಹತ್ತು ನಿಮಿಷಾ ತಗೊಂಡು!"

ಅವರು ಆ ದಿನದಿಂದ ಊಟ ಕಡಿಮೆ ಮಾಡಿದರು. ಗಡಿಯಾರದ ಕಡೆ ಮುಖ ಮಾಡಿ ಕೂರುತ್ತಿರಲಿಲ್ಲ. ಅದನ್ನು ಸರಿಮಾಡಲು ನಾನು ಬಿಡಲಿಲ್ಲ, ನಿಲ್ಲಿಸಲೂ ಬಿಡಲಿಲ್ಲ. ಅದರ ಮುಳ್ಳುಗಳನ್ನು ನೋಡಿ ಅವಳು ಕೊನೆಯದಾಗಿ ಏನೋ ಒಂದನ್ನು ಸರಿಯಾಗಿ ಮಾಡಿದ್ದಳು.

ಮೆಹರುನ್ನಿಸಾರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆವು. "ಸರಿ ಇತ್ತೇನ್ರೀ ಅಂತ ಕೇಳಿದೆ. ಯಾರು ಇಟ್ರು ಅಂತ ಕೇಳಲಿಲ್ಲ. ತಪ್ಪು ನಮ್ದೂ ಅದ," ಎಂದರು. ಕೆಂಪು ದಾರದ ಮೇಲೆ ಹತ್ತು ನಿಮಿಷ ಹಿಂದಕ್ಕೆ ನಡೆದರೆ ಚುಕ್ಕೆ ಗಂಟಿಕಲ್ಲಿನ ಮೇಲೇ ಬಂದು ನಿಂತಿತು. ಅವಳು ಬೆನ್ನು ಆನಿಸಿದ್ದದ್ದು ಅದಕ್ಕೇ. ಆ ಕಲ್ಲನ್ನು ಯಾರೂ ಕಾಯಿಸಿಲ್ಲ. ಆ ಗಳಿಗೆ ಅದರಲ್ಲಿ ಇನ್ನೂ ಇದೆ. "ಇನ್ನೊಮ್ಮೆ ಓದಿ ಕೊಡ್ತೀನಿ. ಸರದಿಯ ಕೊನೆಗೆ, ಆದ್ರ ಖಂಡಿತ," ಎಂದರು.

ಆ ದಿನ ಬಂದಾಗ ನಾನು ಹೋಗಲಿಲ್ಲ. ಅತ್ತೆಯನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ಅದು ಅರ್ಧ ಕಾರಣ. "ನೀವು ಹೋಗ್ರಿ," ಎಂದೆ. "ಫೋಟೋ ನಿಮ್ದು. ನನ್ನ ಸರದಿ ಆಗೈತಿ." ನನ್ನ ದನಿ ಇನ್ನೊಮ್ಮೆ ಅಡ್ಡ ಬಂದರೆ ಎಂಬ ಭಯ ಉಳಿದ ಅರ್ಧ. ಅದನ್ನು ಅವರಿಗೆ ಹೇಳಲಿಲ್ಲ.

ಬೆಳಿಗ್ಗೆಯಿಂದ ಕೈಗೆ ಕೆಲಸ ಕೊಟ್ಟುಕೊಂಡೆ. ಡಬ್ಬಿಗಳನ್ನೆಲ್ಲ ತಿಕ್ಕಿದೆ. ಆಮೇಲೆ, ಬಹಳ ದಿನಗಳ ಮೇಲೆ, ಸಜ್ಜೆ ಹಿಟ್ಟು ಕಲಸಿ ರೊಟ್ಟಿ ಬಡಿಯಲು ಕೂತೆ. ಬಡಿಯುವ ಸದ್ದಿಗೆ ಅತ್ತೆ ಬಂದು ಬಾಗಿಲಿಗೆ ಒರಗಿ ಕೂತರು. ಬೆಂದ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಹೋದರು.

ಕುಮ್ಮಿಯ ಅಪ್ಪ ಬಂದದ್ದು ಮಧ್ಯಾಹ್ನಕ್ಕೆ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಅಡುಗೆಮನೆಯ ನೆಲದ ಮೇಲೆ ನಮ್ಮೆದುರು ಕೂತರು. ಫೋಟೋ ಅಂಗಿಯ ಜೇಬಿನಲ್ಲಿತ್ತು.

"ಮೊದಲೆಲ್ಲ ಕಲ್ಲಿನ ದನಿನಽ," ಎಂದರು. "ಬಡದಿದ್ಲು ಕಾಣ್ತದ. ಗಂಟಿ ಹೊಡದಂಗ, ನಿಂದರವಲ್ದು. ಅದರಾಗ ಮಾತು ಮುಳುಗಿಬಿಟ್ಟಾವ. ನಾ ಏನೋ ಅಂತೀನಿ, ನಗು ಅಂತೀನೋ ಏನೋ. ಅದು ಕೇಳೂದಿಲ್ಲ. ಕಡೀಕ ದನಿ ಇಳೀತು. ಬೆಳಕು ಆರೂ ಮೊದಲು, ಒಂದಽ ಮಾತು ಚೊಕ್ಕ ಕೇಳಿತು."

ನಾನು ಹಂಚಿನ ಮೇಲಿನ ರೊಟ್ಟಿಯನ್ನು ಮರೆತೆ.

"ಅಪ್ಪಾ ಅಂತಲೂ ಅಲ್ಲ, ಅವ್ವಾ ಅಂತಲೂ ಅಲ್ಲ." ಒಂದು ಕೈಯನ್ನು ಮುಂದೆ ಚಾಚಿದರು, ಫೋಟೋದಲ್ಲಿ ಅವಳು ಚಾಚಿದ ಹಾಗೆ. "'ಹೊಟ್ಟಿ ಹಸದೈತಿ' ಅಂದ್ಲು."

ರೊಟ್ಟಿ ಹೊತ್ತಿದ ವಾಸನೆ ಬಂತು. ಅತ್ತೆಯೇ ಕೈ ಚಾಚಿ ಅದನ್ನು ತೆಗೆದು ಬದಿಗಿಟ್ಟರು. ಒಲೆ ಆರಿಸಿದರು. ಆಮೇಲೆ ನನ್ನ ಹಿಟ್ಟು ಮೆತ್ತಿದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಯಾವುದೋ ಲೆಕ್ಕ ಕೊನೆಗೂ ಕೂಡಿಬಂದವರ ಹಾಗೆ ಮೆಲ್ಲಗೆ ಹೇಳಿದರು:

"ಮತ್ತ ನೀ ಉಣಿಸಿದ್ಯಲ್ಲವಾ."

ನಾನು ಅತ್ತುಬಿಟ್ಟೆ. ಈ ಸಲ ನಲ್ಲಿ ಬಿಡಲಿಲ್ಲ.

ಪಡಸಾಲೆಯಲ್ಲಿ ಗಡಿಯಾರ ಒಂದು ಹೊಡೆಯಿತು. ಒಂದಾಗಲು ಇನ್ನೂ ಹೊತ್ತಿತ್ತು. ಅವರು ತಾಟುಗಳನ್ನು ತಂದರು, ಅತ್ತೆ ರೊಟ್ಟಿ ಹಾಕಿದರು, ನಾವು ಉಣ್ಣಲು ಕೂತೆವು.